ಒಳರಟ್ಟು

ರಾತ್ರಿಪಾಳಿ ಮುಗಿಸಿ ಬಂದು ಬೂಟು ಬಿಚ್ಚುವಾಗ
ಅಡುಗೆಮನೆ ಮೇಜಿನ ಮೇಲೆ ಮಗಳ ಭೂಗೋಳ.
ಬೆನ್ನು ಕಿತ್ತಿದೆ, ಬೂದು ಟೇಪು ಸುತ್ತಿದೆ.
ತೆರೆದರೆ ನಮ್ಮ ಶಾಲೆಯ ನೆಲಮಾಳಿಗೆಯ ವಾಸನೆ:
ಒದ್ದೆ ಸುಣ್ಣ, ಬಾಯ್ಲರಿನ ಹಬೆ, ಹಳೇ ಅಂಟು.

ಒಳರಟ್ಟಿನಲ್ಲಿ ಮೊಹರಿನ ಚೌಕ, ಮೂರು ಕಾಲಂ:
ಯಾರು, ಯಾವ ವರ್ಷ, ಪುಸ್ತಕ ಹೇಗಿದೆ.

ಸ್ಟೀಫನ್ ಹ್ರಿಸ್ಕೊ, ಎಂಬತ್ತೈದು. ಹೊಸದು.
ಮಿಲಾಗ್ರೋಸ್ ಕೊಲೋನ್, ಎಂಬತ್ತೆಂಟು. ಚೆನ್ನಾಗಿದೆ.
ಆಮೇಲೆ, ಬಾಲ ಉದ್ದಕ್ಕೆ ಎಳೆದ ಅಕ್ಷರದಲ್ಲಿ,
ರೋವೀನಾ ಟಿಬ್ಸ್, ತೊಂಬತ್ತೊಂದು. ಪರವಾಗಿಲ್ಲ.

ರೋವೀನಾ ಟಿಬ್ಸ್ ಅಂದರೆ ನಾನು.

ಇಪ್ಪತ್ತು ವರ್ಷ.
ಯಂಗ್ಸ್‌ಟೌನಿನ ಆರಿದ ಕುಲುಮೆಗಳ ಕಬ್ಬಿಣ ಗುಜರಿಗೆ ಹೋಯಿತು,
ಅಪ್ಪ ಹೋದ, ಬೀದಿಯ ಅರ್ಧ ಮನೆಗಳು ನೆಲಸಮವಾಗಿ
ಹುಲ್ಲು ಬೆಳೆಯಿತು. ಸೋವಿಯತ್ ಒಕ್ಕೂಟ ಮಾತ್ರ
ನೂರಾ ಹನ್ನೆರಡನೇ ಪುಟದಲ್ಲಿ ಗುಲಾಬಿ ಬಣ್ಣ ಬಳಿದುಕೊಂಡು
ಗಟ್ಟಿಮುಟ್ಟಾಗಿ ಮಲಗಿದೆ.

ಮೊದಲು ನಗು ಬಂತು. ಆಮೇಲೆ ಹೊಟ್ಟೆ ಉರಿಯಿತು.
ಹನ್ನೆರಡು ಮೈಲಿ ಆಚೆ, ಹುಲ್ಲು ಕತ್ತರಿಸಲು ಆಳಿಡುವ ಊರಲ್ಲಿ
ಮನೆಗೆ ಬೆಲೆ ಇದೆ, ಅದಕ್ಕೇ ಶಾಲೆಗೆ ಈಜುಕೊಳ ಇದೆ.
ನಮ್ಮ ಮನೆಗೆ ಬೆಲೆ ಇಲ್ಲ, ಅದಕ್ಕೇ ನನ್ನ ಮಗಳಿಗೆ
ನನ್ನ ಎಂಜಲು ಭೂಗೋಳ.

ಶಾಲೆಯನ್ನು ಹೊಗಳುವವರು ಹೊಗಳಲಿ, ನಾನು ಕಂಡಿದ್ದೇನೆ.
ತಮ್ಮ ಲೂಷಿಯಸ್‌ನನ್ನು ತರಗತಿಯಿಂದ ತರಗತಿಗೆ
ಮೂಟೆ ಸಾಗಿಸಿದ ಹಾಗೆ ಸಾಗಿಸಿದರು.
ಒಂಬತ್ತನೆಯದಕ್ಕೆ ಬಂದರೂ ಬಸ್ಸಿನ ಬೋರ್ಡು ಓದಲಾರ,
ಡ್ರೈವರನ ಮುಖ ನೋಡಿ ಹತ್ತುತ್ತಿದ್ದ.
ಗಣಿತದ ಗಾರ್ವಿನ್‌ಗೆ ನಾನು ಕೈ ಎತ್ತಿದ್ದು
ಒಂದು ವರ್ಷ ಕಾಣಲೇ ಇಲ್ಲ.
ಕಡೆಗೊಮ್ಮೆ ಕಂಡಾಗ, ಕಿಟಕಿ ಹಾಕು ಅಂದರು.

ಆದರೂ.
ಮಿಸ್ ಪಲುಸ್ಕಾ ನನ್ನನ್ನು ದಾದಿಯ ಕೋಣೆಗೆ ಎಳೆದೊಯ್ದು
ಗೋಡೆಯ ಅಕ್ಷರ ಓದಿಸಿ, ಶನಿವಾರ ತಮ್ಮ ಕಾರಿನಲ್ಲೇ
ಕರೆದುಕೊಂಡು ಹೋಗಿ ಕನ್ನಡಕ ಕೊಡಿಸಿದರು.
ಸೋಮವಾರ ತಿಳಿಯಿತು, ಕರಿಹಲಗೆಯ ಮೇಲೆ
ಇಷ್ಟು ದಿನವೂ ಏನೋ ಬರೆದಿರುತ್ತಿತ್ತು ಎಂದು.

ಫ್ರಿಜ್ಜಿನ ಬಾಗಿಲಲ್ಲಿ ಹೊಳೆಯುವ ಕರಪತ್ರ:
ಚಾರ್ಟರ್ ಶಾಲೆ, ನೇರಳೆ ಸಮವಸ್ತ್ರ, ಚೀಟಿ ಎತ್ತಿ ಸೀಟು.
ಎರಡು ಸಲ ಅರ್ಜಿ ತುಂಬಿದೆ. ಎರಡು ಸಲ ಹರಿದೆ.
ಪಕ್ಕದ ಮನೆಯ ಓಡೆಲ್‌ಗೆ ಚೀಟಿ ಹತ್ತಿತ್ತು.
ಅಕ್ಟೋಬರಿನಲ್ಲಿ ತಲೆ ಎಣಿಸಿ, ತಲೆಗಿಷ್ಟು ಎಂದು ದುಡ್ಡು ಬಂದ ಮೇಲೆ
ನವೆಂಬರಿನಲ್ಲಿ, "ನಿಮ್ಮ ಹುಡುಗ ಇಲ್ಲಿಗೆ ಹೊಂದುವುದಿಲ್ಲ."
ಮಾತು ತೊದಲುವ ಹುಡುಗ. ಮರುದಿನ
ನಮ್ಮ ಶಾಲೆಯ ಗುಮಾಸ್ತೆ ತಲೆ ಎತ್ತದೆ ಕೇಳಿದಳಂತೆ:
"ಊಟದಲ್ಲಿ ಏನಾದರೂ ಒಗ್ಗದ್ದು ಇದೆಯಾ?"
ಅಷ್ಟೇ. ಒಳಗೆ ಬಾ ಅನ್ನಲೂ ಇಲ್ಲ.
ಬಾಗಿಲು ಮುಚ್ಚಿದ್ದರೆ ತಾನೆ ಅನ್ನುವುದು.

ಪುಟಕ್ಕೆ ಮರಳಿದೆ. ಗುಲಾಬಿ ದೇಶದ ಮೇಲೆ ಪೆನ್ಸಿಲ್ ಗೆರೆ,
ನಡುಗುವ ಗಡಿಗಳು, ಹದಿನೈದು ತುಂಡು.
ಕಿರ್ಗಿಸ್ತಾನದ ಕಾಗುಣಿತ ಅಳಿಸಿ ಅಳಿಸಿ ಕಾಗದ ತೂತಾಗಿದೆ.
"ಪುಸ್ತಕ ತಪ್ಪು, ನೀವೇ ತಿದ್ದಿ ಅಂದರು ಮೇಷ್ಟ್ರು,"
ಬಾಗಿಲಲ್ಲಿ ನಿಂತು ಮಗಳು, ಬಾಯಿ ತುಂಬ ಪೇಸ್ಟಿನ ನೊರೆ.

ಚೆಂದ ಅನ್ನಿಸಿತು.
ಅನ್ನಿಸಿದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು.
ಬಡವರ ಮಕ್ಕಳ ಜಾಣತನ ಮೆಚ್ಚಿ ಬೆನ್ನು ತಟ್ಟಿ
ಪುಸ್ತಕದ ದುಡ್ಡು ಉಳಿಸುವವರು ಇದ್ದಾರೆ.

ನನ್ನ ಹೆಸರಿನ ಕೆಳಗೆ ಇನ್ನೂ ಐದು ಹೆಸರು.
ಕೊನೆಗೆ ಜನೆಲ್ ಟಿಬ್ಸ್, ಎರಡು ಸಾವಿರದ ಹನ್ನೊಂದು.
ಹೇಗಿದೆ ಎಂಬಲ್ಲಿ ಖಾಲಿ ಬಿಟ್ಟಿದ್ದಾಳೆ.
"ಏನು ಬರೆಯಲಿ?"

ಮೂಲೆಯಲ್ಲಿ ಹಳದಿ ಬಸ್ಸು ಹಾರ್ನ್ ಹೊಡೆಯಿತು.

ಹರಿದಿದೆ ಅಂತ ಬರಿ, ಅಂದೆ. ದೊಡ್ಡದಾಗಿ ಬರಿ.
ನಾನು ಬರೆದ ಹಾಗೆ ಬರೆಯಬೇಡ.