ಮೈನಸ್ ಹದಿನೈದು

ಸೊದಾನ್‌ಕ್ಯುಲಾದಲ್ಲಿ ಡಿಸೆಂಬರೆಂದರೆ
ಸೂರ್ಯ ಕಾರಣ ಕೊಡದೆ ರಜೆ ಹಾಕುವ ತಿಂಗಳು.
ನಮ್ಮ ಶಿಶುವಿಹಾರದ ನಿಯಮ ಮಾತ್ರ ರಜೆ ಹಾಕುವುದಿಲ್ಲ:
ಮೈನಸ್ ಹದಿನೈದರ ತನಕ ಮಕ್ಕಳು ಹೊರಗೆ,
ಅದಕ್ಕೂ ಕೆಳಗಿಳಿದರೆ ಒಳಗೆ.
ಇದನ್ನು ಬರೆದವರು ಯಾರೋ ದಕ್ಷಿಣದ ಕಡೆಯವರು,
ಚಳಿ ಕಂಡವರಲ್ಲ, ಎಂದು
ಅಡುಗೆಯ ರಾಯಿಲಿ ಸೌಟು ಕುಟ್ಟುತ್ತಾಳೆ.

ಇವತ್ತು ಹದಿನೇಳು.

ಬೆಳಿಗ್ಗೆ ಎಂಟು. ನಟ್ಟಿರುಳಿನಂಥ ಕತ್ತಲು.
ಆಮೋಸ್, ಆರು ವರ್ಷ, ಮುಂದಿನ ಎರಡು ಹಲ್ಲಿಲ್ಲ,
ಜಾರುಬಂಡಿ ಬೋರಲು ಹಾಕಿ ಮೇಲೆ ನಿಂತು
ಜಗುಲಿ ಕಂಬದ ಥರ್ಮಾಮೀಟರಿಗೆ ಉಸಿರೂದುತ್ತಿದ್ದಾನೆ.
ಹಾ. ಹಾ. ಹಾ.
ಗೂಡಿಂದ ಬಿದ್ದ ಮರಿಗೆ ಊದುವಂತೆ
ಎರಡೂ ಕೈ ಬೊಗಸೆ ಮಾಡಿ.
ಕೆಳಗೆ ಪಿಹ್ಲಾ, ವೆಸ್ಸಿ, ಮೂಗು ಸೋರುವ ಆ ಅವಳಿಗಳು:
“ಏರ್ತಾ ಇದೆ, ಏರ್ತಾ ಇದೆ, ಇನ್ನೊಂದೇ ಸಲ!”
ಬಾಗಿಲಲ್ಲಿ ನಿಂತ ನಾನು
ಸದ್ದಿಲ್ಲದೆ ಹಿಂದೆ ಸರಿದೆ.

ಗಂಜಿ ಮುಗಿಯುವಷ್ಟರಲ್ಲಿ ಅವನ ಉಸಿರು ಆರಿ
ಕೆಂಪು ಗೆರೆ ಮತ್ತೆ ಹದಿನೇಳಕ್ಕೆ ಇಳಿದಿತ್ತು.
ಕನ್ನಡಕ ಒರೆಸಿ, ಗಂಟಲು ಸರಿಮಾಡಿಕೊಂಡು,
ಹನ್ನೆರಡು ಜೊತೆ ಕಣ್ಣುಗಳೆದುರು ಓದಿದೆ:
“ಹದಿನೈದು.”
ಅರವತ್ತೆರಡರ ಕಣ್ಣು, ಎರಡು ಗೆರೆ ಆಚೀಚೆ,
ಕೇಳಿದವರಿಗೆ ಹೇಳಿದರಾಯಿತು.

ಆಮೇಲೆ ಅಂಗಿಯ ಮೇಲಂಗಿ, ಕಾಲುಚೀಲದ ಮೇಲೆ ಕಾಲುಚೀಲ,
ಯಾರ ಎಡಗೈಗವಸೋ ಯಾರ ಬಲಗೈಗೋ,
ಹನ್ನೆರಡನೆಯ ಜಿಪ್ ಎಳೆದು ನಾನು ಸೊಂಟ ಎತ್ತುವಾಗ
ಮೊದಲನೆಯವನಿಗೆ ಉಚ್ಚೆ ಅವಸರ.
ಎಲ್ಲ ಬಿಚ್ಚಿ, ಎಲ್ಲ ತೊಡಿಸಿ,
ಅಂತೂ ಹೊರಗೆ.

ಹೊರಗೆ!

ರಸ್ತೆಯ ಹಿಮವನ್ನೆಲ್ಲ ಯಂತ್ರ ದೂಡಿ ದೂಡಿ
ಅಂಗಳದ ಮೂಲೆಗೆ ಒಟ್ಟಿದ ಗುಡ್ಡ,
ಬೆಟ್ಟವೇ ಇಲ್ಲದ ಊರಿಗೆ ಅದೇ ಬೆಟ್ಟ.
ಬೀದಿದೀಪದ ಹಳದಿಯಲ್ಲಿ ಕಿರುಚಾಟ ಜಾರಿ ಬರುತ್ತದೆ,
ಮಗು ಆಮೇಲೆ ಬರುತ್ತದೆ.
“ಐಲಿ, ನೀನೂ!” ಎಂದಳು ಪಿಹ್ಲಾ.
ಮಂಡಿ ಬೇಡ ಅಂದಿತು.
ಮಂಡಿಯನ್ನು ಕೇಳಿದವರು ಯಾರು?
ಕೆಂಪು ಪ್ಲಾಸ್ಟಿಕ್ ತಟ್ಟೆಯಲ್ಲಿ ನನ್ನ ಅಗಲವನ್ನು ತುರುಕಿ
ಹಿಂದಿನಿಂದ ನಾಲ್ಕು ಜನ ದೂಡಿದರು.
ಇಳಿದದ್ದು ನೆನಪಿಲ್ಲ.
ಕೆಳಗೆ ಬಾಯ್ತುಂಬ ಹಿಮ, ಕತ್ತಿನೊಳಗೆ ಹಿಮ,
ಟೋಪಿ ಬೇಲಿಯಾಚೆ,
ಮೈಮೇಲೆ ವೆಸ್ಸಿ ಬಿದ್ದು ಬಿದ್ದು ನಗುತ್ತಿದ್ದ,
ಅವನ ನಗು ಬಿಸಿಬಿಸಿ ಗಂಜಿಯ ವಾಸನೆ.

ಕತ್ತಲಲ್ಲಿ ಮಕ್ಕಳನ್ನು ಎಣಿಸುವುದು ಮುಖದಿಂದಲ್ಲ,
ಬೆನ್ನಿಗೆ ಹೊಲಿದ ಹೊಳೆಯುವ ಪಟ್ಟಿಯಿಂದ.
ಟಾರ್ಚ್ ಬೀಸಿದೆ. ಮಿಣುಕು, ಮಿಣುಕು, ಮಿಣುಕು.
ಹನ್ನೊಂದು.
ಮತ್ತೆ ಎಣಿಸಿದೆ. ಹನ್ನೊಂದೇ.
ಹೊಟ್ಟೆಯೊಳಗೆ ಒಂದು ಬಾಗಿಲು ತೆರೆದು
ಗಾಳಿ ನುಗ್ಗಿತು.

ಹಿಲ್ಯಾ ಗುಡ್ಡದ ಹಿಂದೆ ಅಂಗಾತ ಮಲಗಿದ್ದಳು,
ಪಟ್ಟಿ ಅಡಿಯಲ್ಲಿ ಸಿಕ್ಕಿಕೊಂಡು ಹೊಳೆಯದೆ.
“ಏನು ಮಾಡ್ತಿದ್ದೀಯೆ?” ನನ್ನ ದನಿ ಒಡೆದಿತ್ತು.
“ಶ್. ಬೀಳೋದು ಕೇಳಿಸ್ಕೋತಿದ್ದೀನಿ.”
ಬೈಯಬೇಕಿತ್ತು.
ಹೇಗೂ ಒದ್ದೆಯಾಗಿದ್ದೆ, ಪಕ್ಕದಲ್ಲಿ ಮಲಗಿದೆ.
ರೆಪ್ಪೆಯ ಮೇಲೊಂದು ಹಿಮಹೂ ಕೂತಿತು, ಕರಗಿತು.
ಕೇಳಿಸಿತೋ ಇಲ್ಲವೋ, ಆಣೆ ಮಾಡಲಾರೆ.
ಒಬ್ಬೊಬ್ಬರಾಗಿ ಉಳಿದವರೂ ಬಂದು ಒರಗಿದರು,
ಅರ್ಧ ನಿಮಿಷ ಸುಮ್ಮನಿದ್ದರು,
ಹನ್ನೆರಡು ಮಕ್ಕಳು, ಅರ್ಧ ನಿಮಿಷ!
ಅವಳಿಗಳಲ್ಲೊಬ್ಬ ಹೂಸು ಬಿಡುವ ತನಕ.

ಮಧ್ಯಾಹ್ನ ಒಣಗಿಸುವ ಬೀರುವಿನಲ್ಲಿ
ಇಪ್ಪತ್ತಮೂರು ಕೈಗವಸು ಆವಿಯಾಡುತ್ತಿದ್ದವು.
ಇಪ್ಪತ್ತನಾಲ್ಕನೆಯದು ಮೇ ತಿಂಗಳಲ್ಲಿ ಸಿಗುತ್ತದೆ,
ಪ್ರತಿ ವರ್ಷ ಹಾಗೇ.
ಆಮೋಸನ ಜೇಬಿನಲ್ಲಿ ಒಂದು ಹಿಡಿ ನೀರು:
ರಾತ್ರಿಪಾಳಿ ಮುಗಿಸಿ ಮಲಗಿದ ಅಮ್ಮನಿಗೆಂದು
ಅವನು ಕಾದಿಟ್ಟ ಉಂಡೆ.

ಮರುದಿನ ಎಲ್ಲರಿಗಿಂತ ಮೊದಲು ಬಂದೆ.
ಹತ್ತೊಂಬತ್ತು.
ಆಚೀಚೆ ನೋಡಿ, ಕಂಬದ ಹತ್ತಿರ ಬಾಗಿ,
ಹಾ. ಹಾ. ಹಾ.
ಕೆಂಪು ಗೆರೆ ಅರ್ಧ ಕೂದಲೆಳೆ ಅಲ್ಲಾಡಿತು,
ಅಲ್ಲೇ ನಿಂತಿತು.
ಇದು ನನ್ನೊಬ್ಬಳ ಉಸಿರಿನ ಕೆಲಸವಲ್ಲ.
ಜಾರುಬಂಡಿಯನ್ನು ಬೋರಲು ಹಾಕಿಟ್ಟು
ಗೇಟಿನ ಕಡೆ ನೋಡುತ್ತ ನಿಂತೆ.