ಮೂಗು

ಅಕ್ಕಲಕೋಟ, ಮೈಂದರಗಿ ನಾಕಾ.
ಮಕ್ತುಂ ಮಾಮಾ ಹಳೇ ಸೈಲೆನ್ಸರ್ ಅಲುಗಿಸಿದ,
ಒಳಗ ಒಡೆದ ಜೇನುಹುಟ್ಟು ಗಲಗಲ.
"ಕನ್ವರ್ಟರ್ ಸತ್ತದ. ಹೊಸಾದು ಕೂಡ್ರಸೂಣು."

ಸೆನ್ಸರ್ ಮಾತ್ರ ಹಳೇದ.
ವೈರು ಹೊಸೆದುಕೊಳ್ಳದಂಗ
ಎಳೆಗೂಸಿನ ಕುತ್ತಿಗಿ ಹಿಡಿದಂಗ ಬಿಚ್ಚಿ
ಒಣ ಅರಿವಿ ಮ್ಯಾಲ ಮಲಗಿಸಿದ.
"ತುದಿ ಮುಟ್ಟಬ್ಯಾಡ, ನಿನ್ನ ಕೈ ಎಣ್ಣಿ.
ಹೊಗಿ ಮೂಸಿ ಇಂಜಿನ್ನಿಗೆ ಸುದ್ದಿ ಮುಟ್ಟಸೂದು ಇದ."

ಮೊದಲ ಬೆರಳಿಲೆ ತಿರುವಿದ, ಪಾನಾ ಆಮ್ಯಾಲ.
ಬಟನ್ ಒತ್ತಿದೆ.
ಹಳದಿ ದೀಪ ಹತ್ತಿ, ಚೂರು ಯೋಚಿಸಿ, ಆರಿತು.

"ವಾಸನಿ ಹ್ಯಾಂಗದ?" ಅಂದ.
"ನಿನಗ ಬರವಲ್ದೇನು?" ನಕ್ಕೆ.

"ಆರು ವರ್ಷಾತು.
ನಿನ್ನಿ ಹಾಲು ತಳಾ ಹತ್ತಿದಾಗ
ಒಲಿ ಮಗ್ಗಲದಾಗ ಕುಂತಿದ್ದೆ."

ಬಿಲ್ಲಿನಾಗ
ಸೆನ್ಸರ್ ಬಿಚ್ಚಿದ ಮಜೂರಿ ಹಚ್ಚಿರಲಿಲ್ಲ.