ನಾಲ್ಕನೇ ಎದೆ

ಮಾಚೇನಹಳ್ಳಿ ಸ್ಟಾಪಿನಲ್ಲಿ ಇಳಿಯುವವರಲ್ಲಿ
ಉಗುರು ಬೆಳೆಸದ ಒಂಬತ್ತು ಹೆಂಗಸರು ನಾವು.
ಬಳೆ ಬಿಚ್ಚಿ, ಹೂವು ತೆಗೆದು, ಕುಂಕುಮ ಒರೆಸಿ ಒಳಗೆ ಹೋಗುತ್ತೇವೆ.
ಜಯಶೀಲಾಳ ಅತ್ತೆಗೆ ಇದು ಹಿಡಿಸುವುದಿಲ್ಲ,
ಸಂಬಳದ ದಿನ ಮಾತ್ರ ಸುಮ್ಮನಿರುತ್ತಾರೆ.

ಮಂಗಳೂರಿನ ಗಾಡಿ ಘಾಟಿ ಹತ್ತಿ ಬರುವುದು ಒಂಬತ್ತಕ್ಕೆ.
ಹಳದಿ ಡಬ್ಬಗಳ ಒಳಗೆ
ನಿನ್ನೆ ಯಾರದೋ ತೊಡೆಯಿಂದ ಹೊಕ್ಕು
ಎದೆಯವರೆಗೂ ಹೋಗಿ ನೋಡಿಕೊಂಡು ಬಂದ ನಳಿಕೆಗಳು.
ಶಾವಿಗೆಯಷ್ಟು ಸಣ್ಣ. ಒಂದೊಂದೂ
ನನ್ನ ಮೂರು ತಿಂಗಳ ಸಂಬಳ.
ರಕ್ತ ಒಣಗಿದರೆ ಕೆಲಸ ಕೆಟ್ಟಿತು.
ಒಣಗಿದ ರಕ್ತ, ಒಣಗಿದ ರಾಗಿಮುದ್ದೆ ಒಂದೇ ಜಾತಿ,
ನೆನೆಯದೆ ಬಿಡುವುದಿಲ್ಲ.

ಇದನ್ನು ಕಲಿಸಿದ್ದು ತರಬೇತಿಯ ಸಾಹೇಬರಲ್ಲ, ಅವ್ವ.
ಕೋಟೆ ರಸ್ತೆಯ ಆರು ಮನೆಗಳ ಮುಸುರೆ ತಿಕ್ಕಿದವಳು,
ಹುಣಸೆಹುಳಿ, ಬೂದಿ, ತೆಂಗಿನ ನಾರು.
ಅವಳು ತಿಕ್ಕಿದ ತಂಬಿಗೆಯಲ್ಲಿ ಮುಖ ಕಾಣುತ್ತಿತ್ತು,
ಆದರೂ ಒಳಗಿನವರು ಇನ್ನೊಮ್ಮೆ ಅದಕ್ಕೆ
ನೀರು ಚಿಮುಕಿಸಿಯೇ ಒಯ್ಯುತ್ತಿದ್ದರು.
ಅವಳ ಕಾಫಿಯ ಲೋಟ ಹಿತ್ತಿಲ ಗೂಡಿನಲ್ಲಿ,
ಬೋರಲು.

ಇಲ್ಲಿ ನಾನು ಮಡಿ.
ಟೋಪಿ, ಗವುಸು, ನೀಲಿ ಗೌನು. ಒಳಕೋಣೆಗೆ ಹೊಕ್ಕ ಮೇಲೆ
ಮಾಲೀಕನೂ ನನ್ನನ್ನು ಮುಟ್ಟುವಂತಿಲ್ಲ.
ತುಂಗೆಯ ನೀರು ಸಿಹಿ ಅಂತ ಊರೆಲ್ಲ ಹೇಳುತ್ತದೆ,
ನಮ್ಮ ಯಂತ್ರ ಆ ಸಿಹಿಯನ್ನೂ ಸೋಸಿ ಎಸೆಯುತ್ತದೆ.
ಬರೀ ನೀರು. ನಾಲಿಗೆಗೆ ಯಾವ ನೆನಪೂ ಬಾರದ ನೀರು.
ಅದನ್ನು ನಳಿಕೆಯ ಒಳಗೆ ಹಾಯಿಸಿ, ಗಾಳಿ ಊದಿ,
ಗಾಜಿನ ಕೆಳಗೆ ಹಿಡಿದು ನೋಡುತ್ತೇನೆ
ಬಿರುಕು, ಕಲೆ, ಎಲ್ಲೋ ಎದ್ದ ಸಿಬಿರು.
ಸಂಶಯ ಬಂದರೆ ಕತ್ತರಿ. ವಾದ ಇಲ್ಲ.
ಪಾಸಾದದ್ದು ಅನಿಲದ ಪೆಟ್ಟಿಗೆಯಲ್ಲಿ ರಾತ್ರಿ ಕಳೆಯುತ್ತದೆ,
ಬೆಳಗಾಗುವಾಗ ಪಟ್ಟಿ ಹಸಿರಾಗಿರಬೇಕು.
ತೊಳೆದಷ್ಟು ಸಲ ಬುಡದಲ್ಲಿ ಒಂದೊಂದು ಗೀಟು.
ಎರಡನೇ ಎದೆ. ಮೂರನೇ ಎದೆ.
ಐದಾದರೆ ಮುಗಿಯಿತು.

ಯಾರ ಎದೆ ಅಂತ ಬರೆದಿರುವುದಿಲ್ಲ.
ನಾವು ತೊಳೆಯುವ ಮೊದಲೇ
ಅದೊಂದನ್ನು ಯಾರೋ ತೊಳೆದು ಕಳಿಸಿರುತ್ತಾರೆ.
ಬ್ರಷ್ಷು ಆಡಿಸುತ್ತ ಒಮ್ಮೊಮ್ಮೆ ಅಂದುಕೊಳ್ಳುತ್ತೇನೆ,
ಕೋಟೆ ರಸ್ತೆಯ ದೊಡ್ಡಮ್ಮನವರ ಒಳಗೆ ಸುಳಿದದ್ದು
ಮಳವಗೊಪ್ಪದ ಹಮಾಲಿ ಕೆರಿಯಪ್ಪನ ಎದೆಗೆ,
ಅಲ್ಲಿಂದ ಟಿಪ್ಪುನಗರದ ಖೈರುನ್ನೀಸಾಳ ಎದೆಗೆ,
ಅಲ್ಲಿಂದ ತಿರುಗಿ ಕೋಟೆಗೆ.
ನಗು ಬರುತ್ತದೆ. ಮಾಸ್ಕಿನೊಳಗೆ ನಕ್ಕರೆ ಕನ್ನಡಕ ಮಂಜಾಗುತ್ತದೆ,
ಸೂಪರ್‌ವೈಸರ್ ಬೆನಕಪ್ಪ ಬೈಯುತ್ತಾನೆ.

ಹೋದ ಆಷಾಢದಲ್ಲಿ ಅವ್ವನಿಗೆ ಎದೆ ಹಿಡಿಯಿತು.
ಸಾಗರ ರಸ್ತೆಯ ಆಸ್ಪತ್ರೆಯ ಕೌಂಟರಿನಲ್ಲಿ ಹುಡುಗ ಕೇಳಿದ:
ಹೊಸದಾ, ಮರುಬಳಕೆಯದಾ?
ಮರುಬಳಕೆ ಅರ್ಧ ಬೆಲೆ, ಒಂದು ಸಹಿ ಬೇಕು.
ಐದು ವರ್ಷದಿಂದ ತೊಳೆಯುತ್ತಿರುವವಳ ಬಾಯಿ
ಕೈಯನ್ನು ಕೇಳದೆ ಹೇಳಿಬಿಟ್ಟಿತು: ಹೊಸದು.

ಗಾಲಿಕುರ್ಚಿಯಲ್ಲಿ ಕಣ್ಣು ಮುಚ್ಚಿಕೊಂಡೇ ಅವ್ವ,
'ಅದು ನೀ ತಿಕ್ಕಿದ್ದೇನೇ?'
ಇರಬಹುದು ಅಂದೆ.
'ತಿಕ್ಕಿದವಳೇ ಉಣ್ಣದ ತಟ್ಟೇಲಿ
ಊರೋರಿಗೆ ಬಡಿಸ್ತಿದೀಯಾ ಹಂಗಾದ್ರೆ?'
ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿಗೆ ಬೇಕಾದಷ್ಟು ಉಸಿರಿರಲಿಲ್ಲ.

ಪೆನ್ನು ಇಸಿದುಕೊಂಡೆ. ಹೆಸರು. ಸಂಬಂಧ: ಮಗಳು.
ಪೊಟ್ಟಣ ಒಡೆಯುವ ಮುಂಚೆ ಒಂದು ಸಲ ತೋರಿಸಿ ಅಂತ ಬೇಡಿದೆ.
ನರ್ಸು ಗೊಣಗುತ್ತಲೇ ಬೆಳಕಿಗೆ ಹಿಡಿದಳು.
ಪಟ್ಟಿ ಹಸಿರು. ಬುಡದಲ್ಲಿ ಮೂರು ಗೀಟು.
ಆಮೇಲೆ ಬಾಗಿಲು ಮುಚ್ಚಿತು.

ಅವ್ವ ಈಗ ಉಪ್ಪಿಲ್ಲದ ಸಾರಿಗೆ ನನ್ನನ್ನು ಬೈಯುತ್ತಾಳೆ.

ಆ ಸೋಮವಾರ ಹಳದಿ ಡಬ್ಬದಲ್ಲಿ
ಮೂರು ಗೀಟಿನವು ಹನ್ನೊಂದಿದ್ದವು.
ಯಾವುದು ಅಂತ ಹುಡುಕಲಿಲ್ಲ.
ಉಗುರುಬೆಚ್ಚಗಿನ ನೀರು ಬಿಟ್ಟು
ಹನ್ನೊಂದನ್ನೂ ಒಟ್ಟಿಗೆ ನೆನೆಹಾಕಿದೆ,
ಒಣಗಲು ಬಿಡಲಿಲ್ಲ.